ಯಾರೂ ಇಲ್ಲದ ಫೋಟೋಗೆ ಹೂವಿಟ್ಟವರು

ಆ ಭಾನುವಾರ ಬೆಳಿಗ್ಗೆ ನಾನು ಮಾಡಿದ ಕೆಲಸ ಇಷ್ಟು. ಐದಕ್ಕೆ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕಿದೆ. ಹನ್ನೊಂದು ದೋಸೆ ಹೊಯ್ದೆ, ಕಾಯಿ ಚಟ್ನಿ ಅರೆದೆ. ಬಾವಿಯಿಂದ ನಾಲ್ಕು ಕೊಡ ನೀರು ಸೇದಿ ತುಳಸಿಗೂ ಅಬ್ಬಲಿಗೆ ಗಿಡಕ್ಕೂ ಹಾಕಿದೆ. ಹೂವು ಕೊಯ್ದು ಬಾಳೆ ಎಲೆಯಲ್ಲಿ ಸುತ್ತಿದೆ. ಇವರ ಅಂಗಿಯ ಗುಂಡಿ ಹೊಲಿದೆ. ಶೈಲಾಗೆ ಬೆಳಗಿನ ಮಾತ್ರೆ ಕೊಟ್ಟು, ಅವಳು ನುಂಗಿದ ಮೇಲೆ ಡಬ್ಬಿ ಮುಚ್ಚಿದೆ. ಮಧ್ಯಾಹ್ನಕ್ಕೆ ಮೂವರಿಗೂ ಅವಲಕ್ಕಿ ಕಲಸಿ ಡಬ್ಬಿಗೆ ತುಂಬಿದೆ. ಎಂಟು ಗಂಟೆಗೆ ಅಂಕೋಲೆಯ ಬಸ್ ನಿಲ್ದಾಣದಲ್ಲಿ ಕಾರವಾರದ ಬಸ್ಸು ಹತ್ತಿದೆವು.

ಇದು ಕಳೆದ ವರ್ಷ ದೀಪಾವಳಿ ಮುಗಿದು ಮೂರು ವಾರಕ್ಕೆ ನಡೆದದ್ದು. ಕಾರವಾರದ ಒಂದು ಸಣ್ಣ ಸಭಾಗೃಹದಲ್ಲಿ ನನ್ನ ಗಂಡನ ತಂಗಿ ಶೈಲಾಳ ಫೋಟೋಗಳ ಪ್ರದರ್ಶನ ಇತ್ತು. ಅವಳೊಬ್ಬಳದೇ ಪ್ರದರ್ಶನ, ಮೂರು ದಿನ. ಶನಿವಾರ ಉದ್ಘಾಟನೆಯಾಗಿತ್ತು. ನಾನು ಹೇಳಹೊರಟಿರುವುದು ಎರಡನೆಯ ದಿನದ ಕಥೆ. ಬರೆಯುವಾಗ ಈಗಲೂ ನನ್ನ ಕೈ ಬಿಸಿಯಾಗುತ್ತದೆ.

ಮೊದಲು ಶೈಲಾಳ ವಿಷಯ ಹೇಳಬೇಕು. ಅವಳಿಗೆ ನಲವತ್ತೊಂದು ವಯಸ್ಸು. ನನ್ನನ್ನು ವೈನಿ ಎನ್ನುತ್ತಾಳೆ. ಮೊದಲು ಕಾರವಾರದ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕಿದ್ದಳು. ಪಾಸ್‌ಪೋರ್ಟ್ ಫೋಟೋ, ಮದುವೆ, ಶಾಲೆಯ ಮಕ್ಕಳ ಗುಂಪು ಫೋಟೋ, ಎಲ್ಲ ತೆಗೆಯುತ್ತಿದ್ದಳು. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಅವಳಿಗೆ ದನಿಗಳು ಕೇಳಲು ಶುರುವಾದವು. ಸ್ವಿಚ್ ಬೋರ್ಡಿನಿಂದ, ಬಾವಿಯ ಗಡಗಡೆಯಿಂದ, ಮಾಡಿನ ಮೂಲೆಯಿಂದ ಯಾರೋ ಬೈಯುತ್ತಾರೆ, ಹೆದರಿಸುತ್ತಾರೆ. ಒಂದು ಸಲ ನಾಲ್ಕು ದಿನ ನೀರು ಕುಡಿಯಲಿಲ್ಲ, ನೀರಿಗೆ ಏನೋ ಹಾಕಿದ್ದಾರೆ ಎಂದು ದನಿ ಹೇಳಿತ್ತಂತೆ. ಸ್ಟುಡಿಯೋದ ಕೆಲಸ ಹೋಯಿತು. ಕೂಡಿ ಬಂದಿದ್ದ ಸಂಬಂಧವೂ ಹೋಯಿತು. ಸ್ಕಿಜೋಫ್ರೇನಿಯಾ ಎಂದು ಡಾಕ್ಟರು ಹೇಳುವ ಹೊತ್ತಿಗೆ ನಾವು ಮೂರು ವರ್ಷ ಹಾಳುಮಾಡಿದ್ದೆವು. ನೋಟ ನೋಡಿ ಕಾರಣ ಹೇಳುವವರ ಹತ್ತಿರ, ಮೈಮೇಲೆ ದೇವರ ದರ್ಶನ ಬರುವವರ ಹತ್ತಿರ, ಎಲ್ಲೆಲ್ಲಿಗೋ ಅವಳನ್ನು ಕರೆದುಕೊಂಡು ಹೋಗಿದ್ದೆವು. ಒಂದು ಕಡೆ ಬೆತ್ತದಲ್ಲಿ ಹೊಡೆಯುವಾಗ ಅವಳ ಕೈ ಹಿಡಿದುಕೊಂಡವಳು ನಾನೇ. ಆ ಪಾಪ ನನ್ನದು, ಬೇರೆಯವರ ತಲೆಗೆ ಹಾಕುವುದಿಲ್ಲ.

ಮಾತ್ರೆಯಿಂದ ದನಿ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ನಾಲ್ಕು ವರ್ಷದ ಕೆಳಗೆ ಅವಳೇ ಒಂದು ಉಪಾಯ ಕಂಡುಕೊಂಡಳು. ದನಿ ಬಂದ ಕೂಡಲೆ ಅದು ಬಂದ ಕಡೆಗೆ ಮೊಬೈಲ್ ಹಿಡಿದು ಫೋಟೋ ತೆಗೆಯುವುದು, ಆಮೇಲೆ ಕೂತು ಅದನ್ನು ನೋಡುವುದು. ಫೋಟೋದಲ್ಲಿ ಯಾರೂ ಇರುವುದಿಲ್ಲ. ಯಾರೂ ಇಲ್ಲದ ಮೇಲೆ ಮಾತು ಸುಳ್ಳು. ‘ವೈನಿ, ನನ್ನ ಕಿವಿಗೆ ಕಾಯಿಲೆ ಅದೆ, ಕ್ಯಾಮೆರಾಕ್ಕೆ ಇಲ್ಲ’ ಎಂದು ಒಮ್ಮೆ ಹೇಳಿದ್ದಳು. ತೆಗೆದ ಫೋಟೋವನ್ನು ತಂದು ನನಗೂ ತೋರಿಸುತ್ತಾಳೆ. ನಾನು ಮೀನು ಕೊಯ್ಯುತ್ತಿದ್ದರೂ ಹಿಟ್ಟು ರುಬ್ಬುತ್ತಿದ್ದರೂ ಕತ್ತೆತ್ತಿ ನೋಡಿ, ಯಾರೂ ಇಲ್ಲ ಎನ್ನಬೇಕು. ದಿನಕ್ಕೆ ಮೂರು ಸಲ, ಕೆಲವು ದಿನ ಹತ್ತು ಸಲ. ಆ ಉಪಾಯ ಸಿಕ್ಕಿದ ಮೇಲೆ ಅವಳು ಆಸ್ಪತ್ರೆಗೆ ಸೇರಿಲ್ಲ. ನಮ್ಮ ಮನೆ ನಿಂತಿರುವುದೇ ಅದರ ಮೇಲೆ.

ಹೀಗೆ ನೂರಾರು ಫೋಟೋ ಸೇರಿದವು. ಡಾಕ್ಟರು ನೋಡಿ, ಇವನ್ನು ಜನಕ್ಕೆ ತೋರಿಸು ಎಂದರು. ಅವಳು ಎರಡು ವರ್ಷ ಯೋಚನೆ ಮಾಡಿದಳು. ಆಮೇಲೆ ತನ್ನ ಹಳೆಯ ದೊಡ್ಡ ಕ್ಯಾಮೆರಾ ತೆಗೆದು ಅದೇ ಜಾಗಗಳಿಗೆ, ಅದೇ ಹೊತ್ತಿಗೆ ಹೋಗಿ ನಿಂತು ಮತ್ತೆ ತೆಗೆದಳು. ಮೂವತ್ತಾರು ಆರಿಸಿದಳು. ಬರಿ ಗೋಡೆ, ಬರಿ ಬಾಗಿಲು, ಬಾವಿಕಟ್ಟೆ, ಬಸ್ಸಿನ ಖಾಲಿ ಸೀಟು. ಪ್ರತಿಯೊಂದರ ಕೆಳಗೂ ಚೀಟಿಯಲ್ಲಿ ಹೊತ್ತು, ದನಿ ಹೇಳಿದ ಮಾತು, ಕೊನೆಗೆ ‘ನೋಡಿದೆ, ಯಾರೂ ಇಲ್ಲ’ ಎಂಬ ಸಾಲು. ಪ್ರದರ್ಶನಕ್ಕೆ ‘ಇಲ್ಲಿ ಯಾರೂ ಇಲ್ಲ’ ಎಂದೇ ಹೆಸರಿಟ್ಟಳು. ನನಗೆ ಕಲೆ ಗಿಲೆ ತಿಳಿಯುವುದಿಲ್ಲ. ಆದರೆ ನಾನು ದಿನಾ ಪಾತ್ರೆ ತೊಳೆಯುವ ಕಲ್ಲಿನ ಫೋಟೋದ ಚೀಟಿಯನ್ನು ಎರಡೆರಡು ಸಲ ಓದಿದೆ. ನಾನು ಅಲ್ಲಿ ಕೂತು ಹಾಡು ಗುನುಗುತ್ತಿದ್ದಾಗ ಅವಳಿಗೆ ಅದೇ ಜಾಗದಿಂದ ಸಾಯಿ ಸಾಯಿ ಎಂದು ಕೇಳುತ್ತಿತ್ತು.

ಶನಿವಾರ ಉದ್ಘಾಟನೆಗೆ ಬಂದ ಅತಿಥಿಗಳು ನಿವೃತ್ತ ಅಧ್ಯಾಪಕರು. ಒಂದೂ ಫೋಟೋ ನೋಡದೆ ನೇರ ಮೈಕಿನ ಮುಂದೆ ಹೋದರು. ದೇವರು ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಕೊಡುತ್ತಾನೆ, ಈ ಹೆಣ್ಣುಮಗಳಿಗೆ ಬುದ್ಧಿಯ ಬದಲು ಕಲೆ ಕೊಟ್ಟಿದ್ದಾನೆ ಎಂದರು. ಜನ ಚಪ್ಪಾಳೆ ತಟ್ಟಿದರು. ಶೈಲಾ ನನ್ನ ಕಿವಿಯಲ್ಲಿ, ‘ಹತ್ತನೇ ಕ್ಲಾಸಲ್ಲಿ ನಂಗೆ ಗಣಿತದಲ್ಲಿ ತೊಂಬತ್ತೆರಡು ಬಂದಿತ್ತು, ಹೇಳಿ ಬರ್ಲಾ’ ಎಂದಳು. ಇಬ್ಬರೂ ಸೆರಗು ಬಾಯಿಗೆ ಹಿಡಿದು ನಕ್ಕೆವು. ಅಷ್ಟಕ್ಕೆ ಸಿಟ್ಟು ಇಳಿಯಿತು.

ಉದ್ಘಾಟನೆಗೆಂದು ನಾನು ಮನೆಯಿಂದ ಹರಿವಾಣ ಒಯ್ದಿದ್ದೆ. ದೀಪ, ಅರಿಸಿನ ಕುಂಕುಮ, ಹೂವು, ಒಂದು ಕಾಯಿ. ಕಾರ್ಯಕ್ರಮ ಮುಗಿದ ಮೇಲೆ ಅದನ್ನು ಇಡಲು ಜಾಗ ಹುಡುಕಿದೆ. ಹಿಂದಿನ ಗೋಡೆಯ ಬದಿಗೆ ಒಂದು ಬೆಂಚು ಕಂಡಿತು. ಅಲ್ಲಿಟ್ಟೆ. ಭಾನುವಾರ ಬಂದು ನೋಡಿದರೆ ಹೂವು ಬಾಡಿತ್ತು. ಬಾಡಿದ ಹೂವು ಹರಿವಾಣದಲ್ಲಿರುವುದು ನನಗೆ ಸೇರುವುದಿಲ್ಲ. ಅದನ್ನು ತೆಗೆದು ಮನೆಯಿಂದ ತಂದ ಅಬ್ಬಲಿಗೆ ಹಾಕಿದೆ. ಬೆಂಚಿನ ಮೇಲೆ ಗೋಡೆಯಲ್ಲಿ ಯಾವ ಫೋಟೋ ಇದೆ ಎಂದು ನಾನು ಕತ್ತೆತ್ತಿ ನೋಡಲೇ ಇಲ್ಲ.

ಅದು ಜಟಗನ ಕಲ್ಲಿನ ಫೋಟೋ. ನನ್ನ ಗಂಡನ ಕಡೆಯವರ ಮೂಲ ಮನೆ ಚೆಂಡಿಯಾದ ಕಡೆ ಇತ್ತು. ಗದ್ದೆಯ ಮೂಲೆಯಲ್ಲಿ ಮನೆತನವನ್ನು ಕಾಯುವ ದೇವರು, ಜಟಗ. ಜಾಗ ನೌಕಾನೆಲೆಗೆ ಹೋದಾಗ ಎಲ್ಲರೂ ಎದ್ದು ಬಂದರು. ನಾವು ಅಂಕೋಲೆಗೆ ಬಂದೆವು, ಉಳಿದವರು ಹೊಸ ಕಾಲೋನಿಗೆ ಹೋದರು. ಮೂಲ ಕಲ್ಲು ಅಲ್ಲೇ ಉಳಿಯಿತು. ಕಾಲೋನಿಯ ಅಂಚಿಗೆ ಬೇರೆ ಕಲ್ಲು ಇಟ್ಟು ಪೂಜೆ ನಡೆಸುತ್ತಾರೆ. ಬಿಟ್ಟು ಬಂದದ್ದಕ್ಕೆ ದೇವರು ಮುನಿದಿದ್ದಾನೆ, ಅದಕ್ಕೇ ಶೈಲಾಗೆ ಹೀಗಾಯಿತು ಎಂದು ಸಂಬಂಧಿಕರು ಮೊದಲಿನಿಂದ ಹೇಳುತ್ತ ಬಂದವರು. ಕೇಳಿ ಕೇಳಿ ಅವಳಿಗೂ ಒಂದು ದಿನ ಕಾಲೋನಿಯ ಆ ಕಲ್ಲಿನಿಂದ ದನಿ ಬಂತು. ಎಲ್ಲ ದನಿಗಳಲ್ಲಿ ಅವಳನ್ನು ಜಾಸ್ತಿ ಕಾಡಿದ್ದು ಅದೇ. ಅದೊಂದು ಫೋಟೋ ತೆಗೆಯಲು ಅವಳಿಗೆ ಏಳು ಸಲ ಹೋಗಬೇಕಾಯಿತು. ಚೀಟಿಯಲ್ಲಿ ಹೀಗೆ ಬರೆದಿದ್ದಳು: ‘ಸಂಜೆ ಐದೂ ನಲವತ್ತು. ನನ್ನನ್ನು ಬಿಟ್ಟು ಬಂದಿರಿ ಎಂಬ ದನಿ. ನೋಡಿದೆ, ಯಾರೂ ಇಲ್ಲ.’

ಭಾನುವಾರ ಹನ್ನೊಂದರವರೆಗೆ ಚೆನ್ನಾಗಿಯೇ ನಡೆಯಿತು. ವಯಸ್ಸಾದ ಒಬ್ಬರು ಸ್ವಿಚ್ ಬೋರ್ಡಿನ ಫೋಟೋದ ಮುಂದೆ ಬಹಳ ಹೊತ್ತು ನಿಂತು, ತನ್ನ ಮಗನಿಗೂ ಹೀಗೆಯೇ ಎಂದು ಶೈಲಾಗೆ ಮೆಲ್ಲಗೆ ಹೇಳಿದರು. ಅವಳು ಅವರನ್ನು ಕೂರಿಸಿ, ಯಾವ ಮಾತ್ರೆ, ನಿದ್ದೆ ಬರುತ್ತದೆಯೇ, ನಿದ್ದೆ ತಪ್ಪಿದರೆ ಮರುದಿನವೇ ಡಾಕ್ಟರ ಹತ್ತಿರ ಹೋಗಿ ಎಂದು ತಿಳಿಸಿ ಹೇಳುತ್ತಿದ್ದಳು. ನಾನು ದೂರದಿಂದ ನೋಡಿ ಹಿಗ್ಗಿದೆ.

ಅಷ್ಟರಲ್ಲಿ ಹೊರಗೆ ಟೆಂಪೋ ನಿಂತ ಸದ್ದಾಯಿತು. ದತ್ತ ಭಾವ ಬಂದರು. ನನ್ನ ಗಂಡನ ದೊಡ್ಡಪ್ಪನ ಮಗ, ನಮ್ಮ ಮನೆತನಕ್ಕೆಲ್ಲ ಹಿರಿಯರು. ಜಟಗನ ಪೂಜೆ ಅವರದೇ. ಸಂಗಡ ಕಾಲೋನಿಯ ಒಂಬತ್ತು ಜನ ಇದ್ದರು. ನನಗೆ ಸಂತೋಷವೇ ಆಯಿತು. ಹದಿನೇಳು ವರ್ಷದ ಮೇಲೆ ಶೈಲಾಳ ಕೆಲಸ ನೋಡಲು ಬಂದರಲ್ಲ ಎಂದುಕೊಂಡು ಬುತ್ತಿಯ ಅವಲಕ್ಕಿ ಎಲ್ಲರಿಗೂ ಸಾಲುತ್ತದೆಯೇ ಎಂದು ಲೆಕ್ಕ ಹಾಕಿದೆ. ಅಷ್ಟು ಪೆದ್ದಿ ನಾನು.

ಅವರು ಒಂದು ಫೋಟೋವನ್ನೂ ನೋಡಲಿಲ್ಲ. ಯಾರೋ ಹಿಂದಿನ ದಿನ ನೋಡಿ ಹೋಗಿ ಜಟಗನ ಫೋಟೋದ ಸುದ್ದಿ ಮುಟ್ಟಿಸಿದ್ದರು. ನೇರ ಹಿಂದಿನ ಗೋಡೆಗೆ ಹೋದರು. ಕೆಳಗೆ ಹರಿವಾಣ ಇತ್ತಲ್ಲ, ದೀಪ, ತಾಜಾ ಹೂವು. ದತ್ತ ಭಾವ ಚಪ್ಪಲಿ ಬಿಟ್ಟರು. ಉಳಿದವರೂ ಬಿಟ್ಟರು. ಅವರು ಅಬ್ಬಲಿಗೆ ತೆಗೆದು ಫೋಟೋದ ಚೌಕಟ್ಟಿಗೆ ಸಿಕ್ಕಿಸಿದರು, ಗಾಜಿಗೆ ಕುಂಕುಮ ಹಚ್ಚಿದರು, ತಾವು ತಂದ ಕಾಯಿಯನ್ನೂ ಬೆಂಚಿನ ಮೇಲಿಟ್ಟರು. ಚೀಟಿಯನ್ನು ಗಟ್ಟಿಯಾಗಿ ಓದಿದರು. ನನ್ನನ್ನು ಬಿಟ್ಟು ಬಂದಿರಿ ಎಂಬಲ್ಲಿಯವರೆಗೆ ಮಾತ್ರ ಓದಿದರು. ಕಡೆಯ ಸಾಲು ಅವರ ಕಣ್ಣಿಗೆ ಬೀಳಲಿಲ್ಲ, ಅಥವಾ ಬೇಡವಾಗಿತ್ತು.

ನಾನು ಹತ್ತಿರ ಹೋಗುವಷ್ಟರಲ್ಲಿ ಶೈಲಾಳನ್ನು ಕರೆದು ಫೋಟೋದ ಪಕ್ಕದಲ್ಲಿ ನಿಲ್ಲಿಸಿದ್ದರು. ನಮ್ಮ ಮನೆಗೆ ಒಂದು ದಿನವೂ ಕಾಲಿಡದವರು, ಮದುವೆ ಮುಂಜಿಗೆ ಅವಳನ್ನು ಕರೆತರಬೇಡಿ ಎಂದು ಹೇಳಿ ಕಳಿಸಿದವರು, ಈಗ ಜಟಗ ಅವಳ ಹತ್ತಿರ ಮಾತಾಡುತ್ತಾನೆಂದು ಅವಳೆದುರು ಕೈಮುಗಿದು ನಿಂತಿದ್ದರು. ಒಬ್ಬ ಮಾಮಿ ಅಳುತ್ತ, ತನ್ನ ಮಗಳಿಗೆ ಮೂರನೆಯ ಸಲವೂ ಗರ್ಭ ನಿಲ್ಲಲಿಲ್ಲ, ಕಾರಣ ಏನೆಂದು ಕೇಳಿ ಹೇಳು ಎಂದಳು. ಆ ತಾಯಿಯ ಸಂಕಟದ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಹೊತ್ತು ತಂದು ಶೈಲಾಳ ತಲೆಗೆ ಹಾಕಿಸಿದವರ ಮೇಲೆ ಇದೆ.

ಶೈಲಾ ಮೆಲ್ಲಗೆ ಉತ್ತರ ಕೊಟ್ಟಳು. ‘ಅಲ್ಲಿ ಯಾರೂ ಇಲ್ಲ ಮಾಮಿ. ಅದು ನನ್ನ ಕಾಯಿಲೆ. ಮಗಳನ್ನ ಒಳ್ಳೆ ಡಾಕ್ಟ್ರಿಗೆ ತೋರ್ಸಿ.’

ದತ್ತ ಭಾವ ನಕ್ಕು ತಲೆಯಾಡಿಸಿದರು. ‘ಹಾಂಗೆ ಹೇಳ್ಬೇಡ ತಂಗಿ. ಯಾರೂ ಇಲ್ಲ ಅಂತ ನಿನ್ನ ಬಾಯಲ್ಲಿ ಹೇಳ್ಸೂದೂ ಆ ದೇವ್ರೇ. ಮುನಿದದ್ದು ಹೌದು. ಮತ್ತೆಂತ ಹೇಳ್ತು, ಹೇಳು.’

ಇದೆ ಎಂದರೂ ಇದೆ, ಇಲ್ಲ ಎಂದರೂ ಇದೆ. ನಾಲ್ಕು ವರ್ಷ ದಿನಾ ಮೂರು ಸಲ ಹತ್ತು ಸಲ ನೋಡಿ ನೋಡಿ ಅವಳು ಕಟ್ಟಿಕೊಂಡ ಗೋಡೆಯನ್ನು ಆ ಮನುಷ್ಯ ನಗುತ್ತ ನಗುತ್ತ ಕೆಡವುತ್ತಿದ್ದರು. ಶೈಲಾಳ ಮುಖ ಬಿಳುಚಿತು. ಕೊರಳನ್ನು ಒಂದು ಬದಿಗೆ ವಾಲಿಸಿದಳು, ಯಾರದೋ ಮಾತು ಕೇಳಿಸಿಕೊಳ್ಳುವ ಹಾಗೆ. ಆ ವಾಲು ನನಗೆ ಗೊತ್ತು.

ಅವಳು ಎರಡು ಹೆಜ್ಜೆ ಹಿಂದೆ ಹೋಗಿ ಮೊಬೈಲ್ ತೆಗೆದು, ಗೋಡೆಯ ಕಡೆ ಹಿಡಿದು ಫೋಟೋ ತೆಗೆದಳು. ನೋಡಿದಳು. ನನ್ನ ಹತ್ತಿರ ಬಂದು ತೋರಿಸಿದಳು.

‘ವೈನಿ, ಇದ್ರಲ್ಲಿ ಜನ ಇದ್ದಾರೆ.’

ಇದ್ದರು. ಕಲ್ಲಿನ ಸುತ್ತ ಕೈಮುಗಿದ ಒಂಬತ್ತು ಜನ, ದತ್ತ ಭಾವ, ಹೂವು, ಕುಂಕುಮ. ಎಷ್ಟೋ ಸಾವಿರ ಸಲ ಯಾರೂ ಇಲ್ಲ ಎಂದು ಹೇಳಿದ ನನಗೆ ಆವತ್ತು ಹೇಳಲು ಬಾಯಿ ಬರಲಿಲ್ಲ. ಸುಳ್ಳು ಹೇಳುವ ಹಾಗಿರಲಿಲ್ಲ. ಅವಳಿಗೆ ನಾನು ಒಂದೇ ಒಂದು ಸಲ ಸುಳ್ಳು ಹೇಳಿದರೂ ಆ ಉಪಾಯ ಅಲ್ಲಿಗೇ ಮುಗಿಯುತ್ತಿತ್ತು.

ನಾನು ಜೋರಾಗಿ ಮಾತಾಡುವವಳಲ್ಲ. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಗಂಡನ ಕಡೆಯ ಹಿರಿಯರೆದುರು ಕೂತು ಉಂಡವಳೂ ಅಲ್ಲ. ಆದರೆ ಆವತ್ತು ಕಾಲಿನಿಂದ ತಲೆಯವರೆಗೆ ಉರಿದುಹೋಯಿತು. ದತ್ತ ಭಾವನ ಎದುರಿಗೆ ಹೋಗಿ ನಿಂತೆ.

‘ಭಾವ, ನಮ್ಮ ಶೈಲಾ ನಾಕು ದಿನ ನೀರು ಬಿಟ್ಟು ಬಿದ್ದಿತ್ತಲ್ಲ, ಆಗ ನೀವು ಒಂದು ಲೋಟ ನೀರು ಹಿಡ್ಕಂಡು ಬರ್ಲಿಲ್ಲ. ಹುಚ್ಚು ಹಿಡಿದದ್ದು ಅಂತ ಊರಿಗೆಲ್ಲ ಹೇಳಿದ್ರಿ. ಈಗ ಕೈಮುಗೀತ್ರಿ. ಆಗಲೂ ಇದನ್ನ ಮನುಷ್ಯ ಅಂತ ನೋಡ್ಲಿಲ್ಲ, ಈಗಲೂ ನೋಡೂದಿಲ್ಲ. ಈ ಹೂವು ತೆಗೀರಿ.’

ದತ್ತ ಭಾವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಕೆಂಪಾದರು. ದೊಡ್ಡವರ ಹತ್ತಿರ ಮಾತಾಡುವ ರೀತಿ ಇದೇನಾ ಎಂದರು. ಮತ್ತೆ ಕೈಯನ್ನು ಹರಿವಾಣದ ಕಡೆ ತೋರಿಸಿದರು. ‘ದೀಪ ಇಟ್ಟವಳು ಯಾರು, ಸುನಂದಾ? ಹೂವು ಇಟ್ಟವಳು ಯಾರು? ನೀನೇ ಇಟ್ಟು ಈಗ ನಮ್ಮನ್ನ ಬೈತ್ಯಾ?’

ಅದು ನನಗೆ ನೇರ ಎದೆಗೆ ತಾಗಿತು. ಅವರು ಹೇಳಿದ್ದು ಸುಳ್ಳಲ್ಲ. ಕಲ್ಲಿನ ಚಿತ್ರದ ಕೆಳಗೆ ದೀಪ, ಹೂವು, ಕಾಯಿ ಇಟ್ಟರೆ ನಮ್ಮ ಕಡೆಯ ಯಾರೇ ಆದರೂ ಚಪ್ಪಲಿ ಬಿಡುತ್ತಾರೆ. ಬೇರೆಯವರ ಮನೆಯಲ್ಲಿ ಹಾಗೆ ಕಂಡರೆ ನಾನೂ ಬಿಡುತ್ತಿದ್ದೆ. ನನ್ನ ಮೇಲೆಯೇ ಬಂದ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಇಟ್ಟದ್ದು ನಾನು, ತಪ್ಪು ನನ್ನದು, ತೆಗೆಯುವವಳೂ ನಾನೇ ಎಂದು ಹರಿವಾಣ ಎತ್ತಿಕೊಂಡೆ. ಇಷ್ಟು ಹೊತ್ತೂ ಬಾಗಿಲ ಹತ್ತಿರ ಸುಮ್ಮನೆ ನಿಂತಿದ್ದ ನನ್ನ ಗಂಡ ಆಗ ಬಂದರು. ಬೆಂಚಿನ ಮೇಲಿದ್ದ ಕಾಯಿ ತೆಗೆದು ಅಣ್ಣನ ಕೈಯಲ್ಲಿಟ್ಟು, ‘ದತ್ತಣ್ಣ, ಇದನ್ನ ತಕಂಡು ಹೋಗು’ ಎಂದರು. ನನ್ನ ಗಂಡ ತನ್ನ ಅಣ್ಣನಿಗೆ ಎದುರು ಹೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಷ್ಟಕ್ಕೇ ಅವರೆಲ್ಲ ಹೊರಟುಬಿಡುತ್ತಿದ್ದರು. ತಡೆದವಳು ಶೈಲಾ. ಎಲ್ಲರೂ ಒಂದು ನಿಮಿಷ ಬಾಗಿಲ ಕಡೆ ಸರಿದು ನಿಲ್ಲಿ ಎಂದಳು. ದನಿ ಸಣ್ಣದಿತ್ತು, ಆದರೆ ಸ್ಟುಡಿಯೋದಲ್ಲಿ ಮದುವೆ ದಿಬ್ಬಣದವರನ್ನು ಸಾಲಾಗಿ ನಿಲ್ಲಿಸುತ್ತಿದ್ದ ಹಳೆಯ ಗತ್ತು ಅದರಲ್ಲಿತ್ತು. ಜನ ಸರಿದರು. ದತ್ತ ಭಾವ ಕೂಡ ಕಾಯಿ ಹಿಡಿದುಕೊಂಡು ಸರಿದರು. ಅವಳು ಚೌಕಟ್ಟಿನ ಹೂವು ತೆಗೆದಳು. ದುಪಟ್ಟಾದ ತುದಿಯಿಂದ ಗಾಜಿನ ಕುಂಕುಮ ಒರೆಸಿದಳು. ಅದು ಬೇಗ ಹೋಗಲಿಲ್ಲ, ಬಾಯಿಯ ಹಬೆ ಹಾಕಿ ಒರೆಸಬೇಕಾಯಿತು. ಮತ್ತೆ ಹಿಂದೆ ಬಂದು ನಿಂತಳು. ಫೋಟೋ ತೆಗೆದಳು. ಬಹಳ ಹೊತ್ತು ನೋಡಿದಳು. ಬಂದು ನನಗೆ ತೋರಿಸಿದಳು.

ಕಲ್ಲು, ಅದರ ಹಿಂದೆ ಒಣಹುಲ್ಲು. ಗಾಜಿನ ಮೇಲೆ ಮೊಬೈಲ್ ಹಿಡಿದ ಅವಳದೇ ಬಿಂಬ.

‘ನಾನೊಬ್ಳೆ ಅಲ್ದಾ ವೈನಿ?’

‘ನೀನೊಬ್ಳೆ’ ಎಂದೆ.

ಅಳುತ್ತಿದ್ದ ಮಾಮಿಯ ಹತ್ತಿರ ಹೋಗಿ ಮೊಬೈಲ್ ತೋರಿಸಿ, ನೀವೂ ನೋಡಿ ಎಂದಳು. ಮಾಮಿ ನೋಡಿದಳು. ಹೋಗುವಾಗ ಶೈಲಾಳ ಕೆನ್ನೆ ಮುಟ್ಟಿ ಹೋದಳು.

ಮೂರನೆಯ ದಿನ ಆ ಫೋಟೋ ತೆಗೆದಿಟ್ಟುಬಿಡೋಣ ಎಂದೆ. ಶೈಲಾ ಒಪ್ಪಲಿಲ್ಲ. ಏಳು ಸಲ ಹೋಗಿ ತೆಗೆದದ್ದು, ಅಲ್ಲೇ ಇರಲಿ ಎಂದಳು. ಬೆಂಚನ್ನು ಮಾತ್ರ ಇನ್ನೊಂದು ಗೋಡೆಗೆ ಸರಿಸಿದೆವು.

ಕಾಲೋನಿಯಲ್ಲಿ ಈಗ ಸುನಂದಾ ದೇವರ ಹೂವು ಕಿತ್ತವಳು ಎಂದು ಹೆಸರಾಗಿದೆ. ದತ್ತ ಭಾವನ ಮೊಮ್ಮಗಳ ನಾಮಕರಣಕ್ಕೆ ನಮಗೆ ಕರೆ ಬರಲಿಲ್ಲ. ಬರದೇ ಇರಲಿ. ನಾನು ದೇವರನ್ನು ನಂಬುವವಳೇ, ಜಟಗನಿಗೆ ವರ್ಷಕ್ಕೊಂದು ಕಾಯಿ ಈಗಲೂ ತೆಗೆದಿಡುತ್ತೇನೆ. ನನ್ನ ಜಗಳ ಜಟಗನ ಹತ್ತಿರ ಅಲ್ಲ. ಒಂದು ಹೆಣ್ಣು ತನ್ನ ಕೈಯಾರೆ ತನಗೆ ಕಾಯಿಲೆ ಇದೆ ಎಂದು ಬರೆದು ಗೋಡೆಗೆ ತೂಗುಹಾಕಿದರೂ ಓದಲು ಒಲ್ಲದವರ ಹತ್ತಿರ. ಕಾಲ ಎಲ್ಲವನ್ನೂ ಮರೆಸುತ್ತದೆ, ಅವರು ಹಿರಿಯರು, ಹೋಗಿ ಕಾಲಿಗೆ ಬಿದ್ದು ಬಾ ಎಂದು ನೆರೆಮನೆಯವರು ಹೇಳುತ್ತಾರೆ. ಸಿಟ್ಟು ಇಳಿದರೆ ಹೋಗುತ್ತೇನೆ ಎಂದಿದ್ದೇನೆ. ಇಳಿಸಿಕೊಳ್ಳುವ ಮನಸ್ಸು ಸದ್ಯಕ್ಕೆ ನನಗಿಲ್ಲ.

ಆ ಭಾನುವಾರ ಸಂಜೆ ಅಂಕೋಲೆಯಲ್ಲಿ ಇಳಿದು ಪೇಟೆಯಲ್ಲಿ ಬಂಗಡೆ ತಗೊಂಡೆವು. ಬಸ್ಸಿನಲ್ಲಿ ಶೈಲಾ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಇವತ್ತು ನಿದ್ದೆ ತಪ್ಪುತ್ತದೆ, ನಾಳೆ ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಬೇಕು ಎಂದು ನಾನೂ ಇವರೂ ಕಣ್ಣಲ್ಲೇ ಮಾತಾಡಿಕೊಂಡಿದ್ದೆವು. ಊಟಕ್ಕೆ ಕುಚಲಕ್ಕಿ ಅನ್ನ, ಬಂಗಡೆ ಸಾರು, ಮಧ್ಯಾಹ್ನ ಯಾರೂ ಮುಟ್ಟದೆ ಉಳಿದಿದ್ದ ಅವಲಕ್ಕಿ. ಇವರು ಅನ್ನ ಕಲಸಿ ಕಲಸಿ ಬಿಟ್ಟರು. ನಾನು ತಟ್ಟೆ ಸರಿಸಿದೆ. ಶೈಲಾ ಎರಡು ಸಲ ಸಾರು ಹಾಕಿಸಿಕೊಂಡು, ಉಪ್ಪು ಸ್ವಲ್ಪ ಕಡಿಮೆ ಎಂದಳು. ಮಾತ್ರೆ ನುಂಗಿ ಚಾಪೆ ಹಾಸಿದಳು. ಒಂಬತ್ತೂ ಕಾಲಿಗೆ, ನಮ್ಮ ಮೂವರಲ್ಲಿ ಮೊದಲು ನಿದ್ದೆ ಹೋದವಳು ಅವಳೇ.